ಬೂದಿಗೆ ಹಾಲು ಕಟ್ಟಿದ ಚಳಿಗಾಲ

"ಅದ್ ಇನ್ನ್ ಉಳಿಯುದಿಲ್ಲೆ" ಎಂದವರು ನನ್ನ ದೊಡ್ಡಪ್ಪ. ಹೆತ್ತ ಮರಿಗೇ ಹಲ್ಲು ಹಾಕಿದ ನಾಯಿ ಮತ್ತೆ ಮೊದಲಿನಂತಾದದ್ದನ್ನು ಕಂಡವರಿಲ್ಲ, ಅದು ಆಗುವ ಮಾತಲ್ಲ ಎಂದು ಜಗಲಿಯ ಮೇಲೆ ನಿಂತು ಹೇಳಿದ್ದರು. ಕೆಲವು ವರ್ಷ ಕಳೆದ ಮೇಲೆ ಅದೇ ಜಗಲಿಯ ಮೇಲೆ ನಿಂತು, ಈ ಮನೆಯ ಗೂಡೆ ಬಿ.ಎ. ಪಾಸು ಮಾಡುವುದೂ ಆಗುವ ಮಾತಲ್ಲ ಎಂದರು. ಗೂಡೆ ಎಂದರೆ ನಮ್ಮ ಅರೆಭಾಷೆಯಲ್ಲಿ ಹುಡುಗಿ. ಎರಡನೆಯ ಮಾತನ್ನು ನಾನು ಸುಳ್ಳು ಮಾಡಿದೆ. ದಿನವೂ ಮಡಿಕೇರಿಯ ಗುಡ್ಡ ಹತ್ತಿ ಇಳಿದು, ಒದ್ದೆ ಸೀರೆಯಲ್ಲೇ ಬೆಂಚಿನ ಮೇಲೆ ಕೂತು, ಒಮ್ಮೆ ಫೇಲಾಗಿ, ಮತ್ತೆ ಕಟ್ಟಿ, ನಮ್ಮ ವಂಶದಲ್ಲಿ ಮೊದಲ ಪದವೀಧರೆ ಎನಿಸಿಕೊಂಡೆ. ಆ ಹೆಮ್ಮೆಯನ್ನು ನಾನು ಯಾರ ಎದುರೂ ಮುಚ್ಚಿಟ್ಟವಳಲ್ಲ. ಆದರೆ ಇಲ್ಲಿ ಬರೆಯುತ್ತಿರುವುದು ಮೊದಲನೆಯ ಮಾತಿನ ಬಗ್ಗೆ. ಈಚೆಗೆ ಪಕ್ಕದ ಮನೆಯವರ ನಾಯಿ ಮರಿ ಹಾಕಿ ಹಾಲು ಕಟ್ಟಿದಾಗ, ಅದರ ಹೊಟ್ಟೆಗೆ ಶಾಖ ಕೊಡಲು ಕೂತಿದ್ದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಹಳೆಯ ಹತ್ತಿ ಬಟ್ಟೆಯಿಂದ ಹಬೆ ಎದ್ದಿತು. ನಾಯಿಯ ಮೈಯ ಬಿಸುಪಿಗೆ ಆ ಹಬೆ ತಾಗಿದಾಗ ಬರುವ ವಾಸನೆಯೊಂದಿದೆ. ಸ್ವಲ್ಪ ಹಾಲು, ಸ್ವಲ್ಪ ಜ್ವರ. ಅದು ಮೂಗಿಗೆ ಬಡಿದದ್ದೇ ತಡ, ಅದರ ಹಿಂದೆಯೇ ಬೇಯುತ್ತಿರುವ ಭತ್ತ, ಚಳಿಗೆ ನೆನೆದ ಗೋಣಿ, ಕೋವಿಯ ನಳಿಗೆಗೆ ಒರೆಸಿದ ಎಣ್ಣೆ, ಎಲ್ಲವೂ ಬಂದು ನಿಂತವು. ಕೈಯಲ್ಲಿ ಬಟ್ಟೆ ಆರುತ್ತಿದ್ದರೂ ನಾನು ಏಳಲಿಲ್ಲ.

ನಮ್ಮ ಮನೆ ಗಾಳಿಬೀಡಿನಲ್ಲಿತ್ತು. ಆಗ ಕೊಡಗೇ ಒಂದು ರಾಜ್ಯ. ಮಡಿಕೇರಿಯೇ ನಮಗೆ ರಾಜಧಾನಿ, ಅದರಾಚೆಗಿನದೆಲ್ಲ ಪರದೇಶ. ಮನೆಯ ಯಜಮಾನರು ದೊಡ್ಡಪ್ಪ. ಅವರ ತಾಯಿ, ಅಂದರೆ ನನ್ನ ಅಜ್ಜಿ, ಅಡಿಗೆಮನೆಗೂ ದನಗಳಿಗೂ ದೇವರಿಗೂ ಯಜಮಾನಿ. ನನ್ನ ಅಪ್ಪ ಅವ್ವ ಗದ್ದೆಯ ಕೆಲಸ ನೋಡುತ್ತಿದ್ದರು. ಚಿಕ್ಕಪ್ಪ ಮಿಲಿಟರಿಯಲ್ಲಿದ್ದ. ಅವನ ಹೆಂಡತಿ, ನನ್ನ ಚಿಕ್ಕಮ್ಮ, ಕುಶಾಲನಗರದ ಕಡೆಯವಳು. ಅವಳ ಅಜ್ಜನ ಕಾಲದಲ್ಲಿ ಹಾಸನದಿಂದ ಬಂದು ಅಲ್ಲಿ ಹೊಲ ಮಾಡಿದ ಮನೆತನ. ಅವಳ ಬಾಯಲ್ಲಿ 'ಐತೆ', 'ಹೋಯ್ತದೆ' ಕೇಳಿದರೆ ಸಾಕು, ನಮ್ಮ ಮನೆಯಲ್ಲಿ ನಗು ಹುಟ್ಟುತ್ತಿತ್ತು. ಅವಳು ಅಜ್ಜಿಗೆ 'ಬಯಲಿನ ಗೂಡೆ'. ಸೌದೆ ಒಲೆಗೆ ಹಾಕಿದರೂ ತಪ್ಪು, ತೆಗೆದರೂ ತಪ್ಪು. ಬೂದಿ ನಮ್ಮ ನಾಯಿಯ ಹೆಸರು. ಒಲೆಯ ಬೂದಿಯ ಬಣ್ಣ, ಒಂದು ಕಿವಿಯ ತುದಿ ಹಂದಿಯ ಕೋರೆಗೆ ಸಿಕ್ಕಿ ಹರಿದದ್ದು. ಭತ್ತ ಹಾಲು ತುಂಬುವ ಹೊತ್ತಿಗೆ ಕಾಡುಹಂದಿ ಇಳಿದರೆ ಒಂದು ವರ್ಷದ ಅನ್ನವೇ ಹೋದಂತೆ; ನಮ್ಮ ಗದ್ದೆಗೆ ಇದ್ದ ಬೇಲಿ ಎಂದರೆ ಬೂದಿಯ ಬೊಗಳು. ಆ ಚಳಿಗಾಲ, ಸುಗ್ಗಿಯ ಪುತ್ತರಿ ಹಬ್ಬ ಕಳೆದು ಕಣದಲ್ಲಿ ಹುಲ್ಲಿನ ಬಣವೆ ಎದ್ದ ಹೊತ್ತಿನಲ್ಲಿ, ಚಿಕ್ಕಮ್ಮ ಹೆಣ್ಣುಮಗು ಹೆತ್ತಳು. ಅದೇ ವಾರ ಬೂದಿ ಭತ್ತ ಬೇಯಿಸುವ ಕೊಟ್ಟಿಗೆಯ ಮೂಲೆಯಲ್ಲಿ ಆರು ಮರಿ ಹಾಕಿತು. "ನಂಗೆ ಈ ಸಲ ಇಬ್ಬರು ಬಾಣಂತಿಯರು" ಎಂದು ಅಜ್ಜಿ ಹಂಡೆಗೆ ನೀರು ತುಂಬಿಸುತ್ತಾ ಗೊಣಗಿದಳು. "ಒಬ್ಬಳು ಬೊಗಳಿದರೆ ಎಂತಕ್ಕೆ ಅಂತ ಗೊತ್ತಾದೆ. ಇನ್ನೊಬ್ಬಳ ಮಾತೇ ಅರ್ಥ ಆಗುದಿಲ್ಲೆ." ಕೋಣೆಯೊಳಗಿಂದ ಚಿಕ್ಕಮ್ಮ ನಕ್ಕದ್ದು ನನಗೆ ಕೇಳಿಸಿತ್ತು.

ಮರಿ ಹಾಕಿದ ನಾಯಿಯ ಹತ್ತಿರ ಯಾರೂ ಹೋಗಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಮರಿಗಳು ಕಣ್ಣು ಬಿಡುವ ತನಕ ದೂರದಿಂದ ಗಂಜಿಯ ಚಟ್ಟಿ ತಳ್ಳಿ ಬರಬೇಕು, ಅಷ್ಟೇ. ಮುಟ್ಟಿದರೆ ಮನುಷ್ಯರ ವಾಸನೆಗೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ, ಕೆಲವು ಸಲ ತಿಂದೂಬಿಡುತ್ತದೆ ಎಂದು ಎಲ್ಲರೂ ನಂಬಿದ್ದರು. ಬೇಟೆನಾಯಿ ಸಾಕಿದ ಮನೆಗಳಲ್ಲಿ ಈ ಕಟ್ಟಳೆ ಇನ್ನೂ ಬಿಗಿ. ಹಾಗಾಗಿ ಮೊದಲು ಕಾಣಿಸಿಕೊಂಡದ್ದನ್ನು ಯಾರೂ ಕಾಣಲಿಲ್ಲ. ಈಗ ನಾನು ಬಲ್ಲೆ: ಹಾಲೂಡುವ ನಾಯಿಯ ಹೊಟ್ಟೆಯ ಮೇಲೆ ದಿನಕ್ಕೊಮ್ಮೆ ಅಂಗೈ ಆಡಿಸಿ ನೋಡಬೇಕು. ಒಂದು ಮೊಲೆ ಮಿಕ್ಕವುಗಳಿಗಿಂತ ಗಟ್ಟಿಯಾಗಿದೆಯೇ, ಬಿಸಿಯಾಗಿದೆಯೇ, ಕೆಂಪಗಾಗಿದೆಯೇ ಎಂದು ಬೆರಳಿಗೇ ಗೊತ್ತಾಗುತ್ತದೆ. ಒಂದೆರಡು ಮರಿ ಮಾತ್ರ ಸೊರಗಿ ಕುಂಯ್‌ಗುಟ್ಟುತ್ತಿದ್ದರೆ ಅದೂ ಒಂದು ಹೇಳಿಕೆಯೇ. ಆಗ ನಮಗೆ ಕೇಳಿಸಿದ್ದು ಆ ಕುಂಯ್‌ಗುಟ್ಟುವಿಕೆ ಮಾತ್ರ. ಮರಿಗಳೆಂದರೆ ಹಾಗೇ, ಅಳುತ್ತಿರುತ್ತವೆ ಎಂದು ಅವ್ವ ಭತ್ತದ ಒಲೆಗೆ ಇನ್ನೊಂದು ಕೊಳ್ಳಿ ನೂಕಿದಳು.

ಮರುದಿನ ಚಟ್ಟಿಯಲ್ಲಿ ಗಂಜಿ ಹಾಗೇ ಉಳಿದಿತ್ತು. ಅದರ ಮರುದಿನ ನೀರೂ ಉಳಿಯಿತು. ನಾನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು "ಬೂದೀ" ಎಂದರೆ ಬಾಲ ನೆಲಕ್ಕೆ ಒಂದು ಸಲವೂ ಬಡಿಯಲಿಲ್ಲ. ತಲೆ ತಗ್ಗಿಸಿ, ಕಣ್ಣು ಕೆಂಪು ಮಾಡಿ, ಗಂಟಲಿನಾಳದಿಂದ ಗುರುಗುಟ್ಟಿತು. ಚಿಕ್ಕಂದಿನಿಂದ ಅದರ ಬೆನ್ನಿನ ಮೇಲೆ ಕೂತು ಆಡಿದವಳು ನಾನು. ಆ ದನಿಯನ್ನು ಅದು ಹಂದಿಗಳಿಗೆ ಇಟ್ಟುಕೊಂಡಿತ್ತು. ಬಾಯಿಯ ಅಂಚಿನಲ್ಲಿ ಜೊಲ್ಲು ಇಳಿಯುತ್ತಿತ್ತು. ನಾನು ಹಿಂದಕ್ಕೆ ಸರಿಯುವಷ್ಟರಲ್ಲಿ ಒಂದು ಮರಿ ತೆವಳಿಕೊಂಡು ಅದರ ಹಿಂಗಾಲಿನ ಸಂದಿಗೆ ಮೂತಿ ಹಾಕಿತು. ಬೂದಿ ಗಪ್ಪನೆ ತಿರುಗಿ ಮರಿಯ ಕುತ್ತಿಗೆಗೆ ಬಾಯಿ ಹಾಕಿ ಎಸೆಯಿತು. ಮರಿ ಕಂಬಕ್ಕೆ ಬಡಿದು ಬಿದ್ದು, ಸ್ವಲ್ಪ ಹೊತ್ತು ಕಾಲು ಆಡಿಸಿ ಸುಮ್ಮನಾಯಿತು. ನಾನು ಕಿರುಚಿದ್ದಕ್ಕೆ ದೊಡ್ಡಪ್ಪ ಕಣದಿಂದ ಓಡಿ ಬಂದರು. ಒಂದು ಕ್ಷಣ ನೋಡಿದರು. ನನ್ನ ರಟ್ಟೆ ಹಿಡಿದು ಜಗಲಿಗೆ ಎಳೆದುಕೊಂಡು ಬಂದು, ಕೈ, ಕಾಲು, ಕುತ್ತಿಗೆ, ಕೂದಲೊಳಗೆ, ಎಲ್ಲ ಕಡೆ ತಿರುಗಿಸಿ ನೋಡಿದರು. ಎಲ್ಲೂ ಗೀರು ಇಲ್ಲವೆಂದು ಗೊತ್ತಾದ ಮೇಲೆ, ನಾನು ಮೊದಲು ಬರೆದ ಆ ಮಾತನ್ನು ಹೇಳಿ, ಒಳಗೆ ಹೋಗಿ ಕೋವಿ ತಂದರು.

ಅವರು ಕಲ್ಲುಮನಸ್ಸಿನವರು ಎಂದು ಓದುವವರು ತಿಳಿಯಬಾರದು. ದೊಡ್ಡಪ್ಪನಿಗೆ ಒಬ್ಬನೇ ಮಗನಿದ್ದ, ಮುದ್ದ. ನನಗಿಂತ ಸ್ವಲ್ಪ ದೊಡ್ಡವನು. ಅವನ ಕೈಗೆ ನಮ್ಮ ಮನೆಯದೇ ಹಳೆಯ ನಾಯಿಯೊಂದು ಕಚ್ಚಿತ್ತು. ಮನೆ ನಾಯಿ, ಆಟಕ್ಕೆ ಕಚ್ಚಿದ್ದು ಎಂದು ಅರಸಿನ ಮೆತ್ತಿ ಬಿಟ್ಟರು. ನಾಯಿ ಕೆಲವು ದಿನಗಳಲ್ಲಿ ಕಾಡಿನ ಕಡೆ ಹೋದದ್ದು ತಿರುಗಿ ಬರಲಿಲ್ಲ. ಅದನ್ನೂ ಯಾರೂ ದೊಡ್ಡದು ಮಾಡಲಿಲ್ಲ. ಗದ್ದೆ ನಾಟಿಯ ಹೊತ್ತಿಗೆ ಮುದ್ದನಿಗೆ ಜ್ವರ ಬಂತು. ನೀರಿನ ಲೋಟ ತುಟಿಗೆ ತಾಗಿದೊಡನೆ ಅವನ ಮೈಯೆಲ್ಲ ಬಿಲ್ಲಿನ ಹಾಗೆ ಬಾಗುತ್ತಿದ್ದುದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಆ ಲೋಟ ನೆಲಕ್ಕೆ ಬಿದ್ದು ಉರುಳಿದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮಗ ಹೋದ ಮೇಲೆ ದೊಡ್ಡಮ್ಮನೂ ಹೆಚ್ಚು ಕಾಲ ಇರಲಿಲ್ಲ. ಅಂದಿನಿಂದ ದೊಡ್ಡಪ್ಪನದು ಒಂದೇ ಕಾನೂನು: ಹುಚ್ಚಿನ ಅನುಮಾನ ಬಂದ ನಾಯಿಯನ್ನು ಕಾಯುವಂತಿಲ್ಲ. ಅದೂ ಅಲ್ಲದೆ ಆ ಚಳಿಗಾಲ ಹಾಡುಹಗಲೇ ಒಂದು ನರಿ ಕಣಕ್ಕೆ ನುಗ್ಗಿತ್ತು, ಬಸುರಿ ಬೂದಿಯೇ ಅದನ್ನು ಅಟ್ಟಿತ್ತು. ಇಷ್ಟೆಲ್ಲ ಒಟ್ಟಿಗೆ ಸೇರಿದರೆ ಕೋವಿ ಇರುವ ಮನೆಯಲ್ಲಿ ಲೆಕ್ಕ ಬೇಗ ಮುಗಿಯುತ್ತದೆ. ಪಕ್ಕದ ಮನೆಯ ಕುಶಾಲಪ್ಪಣ್ಣ ತನ್ನ ಕೋವಿ ತರಲೇ ಎಂದು ಬೇಲಿಯಾಚೆಯಿಂದಲೇ ಕೂಗಿದ: "ಎಂತ ಅಣ್ಣಾ, ಇನ್ನೂ ಸದ್ದ್ ಕೇಳಿತ್ತಿಲ್ಲೆ? ನಿಮ್ಮ ಕೋವಿಗೆ ತುಕ್ಕು ಹಿಡ್ದುಟ್ಟಾ? ಹೇಳಿ, ನಂದ್ ತನ್ನೆ." ದೊಡ್ಡಪ್ಪ ಕೋವಿಗೆ ತುಂಬಲು ತೋಟೆ ಹುಡುಕುತ್ತಿದ್ದರು. ಮರಿಗಳನ್ನು ಮೊದಲು ಹೊರಗೆ ತೆಗೆಯಬೇಕಿತ್ತು. ಅದಕ್ಕೊಂದು ಉದ್ದನೆಯ ಕೊಕ್ಕೆ ಬಿದಿರು ಕಡಿದು ತಾ ಎಂದು ಅಪ್ಪನಿಗೆ ಹೇಳಿದರು. ಬೂದಿಗೆ ಉಳಿದದ್ದು ಆ ಬಿದಿರು ಬರುವಷ್ಟು ಹೊತ್ತು.

ಬಾಣಂತಿಯ ಸ್ನಾನದ ಹೊತ್ತು ಅದು. ಚಿಕ್ಕಮ್ಮನ ಕೋಣೆಗೆ ಬಿಸಿನೀರು ಹೊರುವ ಕೆಲಸ ನನ್ನದು. ನಾನು ಬಿಕ್ಕುತ್ತಾ ಕೊಡ ಇಳಿಸಿದೆ. ಅವಳು ಮಗುವನ್ನು ಎದೆಗೆ ಹಚ್ಚಿಕೊಂಡು ಕೂತಿದ್ದಳು. "ಯಾಕೆ ಪೂವಿ, ಏನಾಯ್ತು ಹೊರಗೆ?" ಎಂದಳು. ನಾನು ಹೇಳಿದೆ. ಅವಳು ಅಳಲೂ ಇಲ್ಲ, ಅಯ್ಯೋ ಎನ್ನಲೂ ಇಲ್ಲ. ಮಗುವನ್ನು ಮೆಲ್ಲನೆ ಎದೆಯಿಂದ ಬಿಡಿಸಿ, ಒಂದರ ಮೇಲೊಂದು ಪ್ರಶ್ನೆ ಕೇಳತೊಡಗಿದಳು.

"ಮರಿ ಎಲ್ಲಿಗೆ ಬಾಯಿ ಹಾಕಿದಾಗ ಕಚ್ಚಿದ್ದು? ಮುಂದಕ್ಕಾ, ಹಿಂದಕ್ಕಾ?"

"ಹಿಂದಕ್ಕೆ. ಕಾಲಿನ ಹತ್ರ."

"ಮುಂದಿನ ಮೊಲೆಗೆ ಬಾಯಿ ಹಾಕಿದ ಮರೀನ ಏನ್ ಮಾಡ್ತು?"

ನಾನು ಯೋಚಿಸಿದೆ. ಮುಂದೆ ಎರಡು ಮರಿಗಳು ಆ ಗದ್ದಲದಲ್ಲೂ ಚೀಪುತ್ತಲೇ ಇದ್ದವು. ಬೂದಿ ಅವನ್ನು ಮುಟ್ಟಿರಲಿಲ್ಲ.

"ಮಲಗುವಾಗ ಒಂದ್ ಕಾಲು ಎತ್ತಿಕೊಂಡು ಮಲಗ್ತದಾ?"

ಹೌದು, ಮಲಗುತ್ತಿತ್ತು. ಚಿಕ್ಕಮ್ಮ ತನ್ನ ಎಡ ಎದೆಯ ಮೇಲೆ ಅಂಗೈ ಇಟ್ಟುಕೊಂಡಳು. ಹೆರಿಗೆಯಾದ ಹೊಸದರಲ್ಲಿ ಅವಳಿಗೆ ಅಲ್ಲಿ ಹಾಲು ಕಟ್ಟಿತ್ತು. ಕಲ್ಲಿನ ಹಾಗೆ ಗಟ್ಟಿಯಾಗಿ, ಚಳಿಜ್ವರ ಬಂದು, ಅಜ್ಜಿ ಬಿಸಿ ಬಟ್ಟೆ ಇಟ್ಟು ಹಿಂಡಿ ಹಿಂಡಿ ಇಳಿಸಿದ್ದಳು. "ಮಗು ಬಾಯಿ ಹಾಕಿದರೆ ನನಗೂ ಎತ್ತಿ ಎಸೆಯೋಣ ಅನ್ನಿಸಿತ್ತು ಕಣೆ, ಪೂವಿ" ಎಂದಳು. "ನಾನು ಮನುಷ್ಯಳು, ಹಲ್ಲು ಕಚ್ಚಿಕೊಂಡೆ. ಅದು ಯಾರಿಗೆ ಹೇಳ್ತದೆ?"

ಆಗ ನಡೆದದ್ದರ ತೂಕ ಈಗಿನವರಿಗೆ ತಿಳಿಯುವುದು ಕಷ್ಟ. ಪುರುಡು, ಅಂದರೆ ಹೆರಿಗೆಯ ಸೂತಕ, ಕಳೆಯುವ ತನಕ ಬಾಣಂತಿ ಕೋಣೆಯ ಹೊಸ್ತಿಲು ದಾಟುವಂತಿರಲಿಲ್ಲ. ಗಂಡನ ಅಣ್ಣನ ಎದುರಿಗೆ ಬಂದು ನಿಲ್ಲುವುದಂತೂ ಪುರುಡಿಲ್ಲದಾಗಲೂ ಇರಲಿಲ್ಲ. ಆ ಮನೆಗೆ ಬಂದ ಮೇಲೆ ಅವಳು ದೊಡ್ಡಪ್ಪನೊಂದಿಗೆ ನೇರವಾಗಿ ಒಂದು ಮಾತೂ ಆಡಿದವಳಲ್ಲ. ಅವಳು ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಸೊಂಟಕ್ಕೆ ಬಿಗಿದಿದ್ದ ಬಾಣಂತಿ ಬಟ್ಟೆಯನ್ನು ಬಿಚ್ಚಿ ಕೈಗೆ ಸುತ್ತಿಕೊಂಡು, ಹಿತ್ತಲ ಬಾಗಿಲಿನಿಂದ ಅಂಗಳಕ್ಕೆ ಇಳಿದುಬಿಟ್ಟಳು. ಮಗುವನ್ನು ಎತ್ತಿಕೊಂಡೇ ನಾನು ಹಿಂದೆ ಓಡಿದೆ. ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ದೊಡ್ಡಪ್ಪ ಕೊಟ್ಟಿಗೆಯ ಬಾಗಿಲಿಗೆ ಕೋವಿ ಒಡ್ಡಿ ನಿಂತಿದ್ದರು, ಅಪ್ಪ ಬಿದಿರಿನ ತುದಿಗೆ ಕೊಕ್ಕೆ ಕಟ್ಟುತ್ತಿದ್ದ. ಅವಳು ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಅಜ್ಜಿ ಅಡಿಗೆಮನೆಯ ಕಿಟಕಿಯಿಂದ ನೋಡಿ, "ಅಯ್ಯೋ, ಬಾಣಂತಿ ಹೊರಗೆ ಬಾತ್! ಮನೆ ಹಾಳಾತ್!" ಎಂದು ತಲೆಗೆ ಹೊಡೆದುಕೊಂಡಳು.

"ಭಾವ, ಹೊಡೀಬೇಡಿ" ಎಂದಳು ಚಿಕ್ಕಮ್ಮ. "ಅದಕ್ಕೆ ಹುಚ್ಚಲ್ಲ. ಹಾಲು ಕಟ್ಟೈತೆ. ನಾನು ನೋಡ್ತೀನಿ, ಆಮೇಲೆ ನಿಮ್ಮಿಷ್ಟ."

ದೊಡ್ಡಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವರು ಅವಳನ್ನು ನೋಡದೆ, ನನ್ನ ಅಪ್ಪನ ಕಡೆ ತಿರುಗಿ, "ಅವಳನ್ನ ಒಳಗೆ ಹೋಕೆ ಹೇಳ್. ಕಚ್ಚಿದರೆ ಆ ಕೂಸಿಗೆ ಹಾಲ್ ಕೊಡುದು ಯಾರ್?" ಎಂದರು. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಅವಳು ಕೊಟ್ಟಿಗೆಯೊಳಗಿದ್ದಳು. ಈಗ ಗುಂಡು ಹಾರಿಸಿದರೆ ಅವಳಿಗೂ ತಾಗುವ ಹಾಗಿತ್ತು. ದೊಡ್ಡಪ್ಪ ನಳಿಗೆಯನ್ನು ಆಕಾಶಕ್ಕೆ ಎತ್ತಿ, ಕೆಟ್ಟ ಮಾತೊಂದನ್ನು ಹಲ್ಲಿನ ನಡುವೆ ಜಗಿದರು.

ಅವಳು ನೇರವಾಗಿ ಹೋಗಲಿಲ್ಲ. ಪಕ್ಕದಿಂದ, ಕೂತುಕೊಂಡೇ, ಏನೋ ಗುನುಗುತ್ತಾ ಸರಿದಳು. ಬೂದಿಯ ಗುರುಗುಟ್ಟು ಏರಿ, ಇಳಿದು, ಮತ್ತೆ ಏರಿತು. ಬಟ್ಟೆಯ ಕುಣಿಕೆಯನ್ನು ಮೂತಿಗೆ ಹಾಕಿ ಎಳೆಯುವ ಹೊತ್ತಿಗೆ ಬೂದಿ ಒಮ್ಮೆ ತಲೆ ಕೊಡವಿತು. ಹಲ್ಲು ಚಿಕ್ಕಮ್ಮನ ಮಣಿಕಟ್ಟಿನ ಮೇಲೆ ಗೀರಿ ಹೋಯಿತು. ಅವಳು ಕೈ ಬಿಡಲಿಲ್ಲ. ಮೂತಿ ಬಿಗಿದು, ಕಿವಿಯ ಹಿಂದೆ ಗಂಟು ಹಾಕಿ, ನಾಯಿಯನ್ನು ಮಗ್ಗುಲಿಗೆ ಮಲಗಿಸಿ, ಹಿಂಗಾಲು ಎತ್ತಿದಳು. "ಬನ್ನಿ, ನೋಡಿ" ಎಂದಳು. ಅಪ್ಪ ಹೋದ. ಅವನ ಹಿಂದೆ ದೊಡ್ಡಪ್ಪ. ಬಾಗಿಲಿನಿಂದಲೇ ನನಗೂ ಕಂಡಿತು. ಎಲ್ಲಕ್ಕಿಂತ ಹಿಂದಿನ ಮೊಲೆ ಊದಿ, ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಮಿರುಗುತ್ತಿತ್ತು. ಸುತ್ತಲೂ ಮರಿಗಳ ಉಗುರು ಕೆರೆದ ಸಣ್ಣ ಸಣ್ಣ ಗೀರುಗಳು. ಅವಳು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಬಂದದ್ದು ಹಾಲಲ್ಲ. ಹಳದಿ ಬಣ್ಣದ, ನೂಲು ನೂಲಾದ, ರಕ್ತ ಬೆರೆತ ಗಟ್ಟಿ ನೀರು. ಪಕ್ಕದ ಮೊಲೆ ಒತ್ತಿ ತೋರಿಸಿದಳು. ಬೆಳ್ಳಗಿನ ಹಾಲು.

ಕುಶಾಲಪ್ಪಣ್ಣ ಬೇಲಿಯಾಚೆಯಿಂದ "ಎಂತಾತ್?" ಎಂದು ಕೇಳುತ್ತಲೇ ಇದ್ದ. ದೊಡ್ಡಪ್ಪ ಬಗ್ಗಿ, ಅಂಗೈಯ ಹಿಂಬದಿಯನ್ನು ಬೂದಿಯ ಹೊಟ್ಟೆಗೆ ಹತ್ತಿರ ತಂದು, ತಾಗಿಸದೆ ಹಾಗೇ ಹಿಡಿದರು. ಅಲ್ಲಿಂದಲೇ ಬಿಸಿ ಹೊಡೆಯುತ್ತಿದ್ದಿರಬೇಕು. ಅಪ್ಪನಿಗೆ, "ಮಡಿಕೇರಿಗೆ ಹೋಗ್. ದನದ ಡಾಕ್ಟ್ರನ್ನ ಕರ್ಕಂಡ್ ಬಾ" ಎಂದರು. ಕೋವಿ ಮಾತ್ರ ಕೆಳಗಿಡಲಿಲ್ಲ.

ಅಪ್ಪ ಹೋಗಿ ಬರುವ ತನಕ ಚಿಕ್ಕಮ್ಮ ಬಟ್ಟೆ ಅದ್ದುವುದು, ಹಿಂಡುವುದು, ಇಡುವುದು, ಆರಿದೊಡನೆ ತೆಗೆದು ಇನ್ನೊಂದನ್ನು ಇಡುವುದು, ನಡುನಡುವೆ ಆ ಕೆಟ್ಟ ಹಾಲನ್ನು ಬೂದಿಯ ಮೇಲೆ ಹಿಂಡಿ ಮುಚ್ಚುವುದು, ಇದನ್ನೇ ಮಾಡಿದಳು. ಬೂದಿ ಎಂದರೆ ಒಲೆಯ ಬೂದಿ. ನಾಯಿ ಈಗ ಕಣ್ಣು ಮುಚ್ಚಿ ಮಲಗಿತ್ತು. ನೀರು ಕೊಡುತ್ತಿದ್ದವಳು ಅಜ್ಜಿ. ಅಜ್ಜಿ ಬೈಯುತ್ತಲೇ ಇದ್ದಳು, ಹಂಡೆ ಆರದಂತೆ ಸೌದೆ ನೂಕುತ್ತಲೂ ಇದ್ದಳು. "ನಂಗೆ ಈ ಜನ್ಮಲಿ ನಾಯಿ ಬಾಣಂತನವೂ ಬರ್ದಿತ್ತಾ?" ಎನ್ನುತ್ತಾ ಬಟ್ಟೆಯ ಬಿಸಿಯನ್ನು ತನ್ನ ಕೆನ್ನೆಗೆ ತಾಗಿಸಿ ನೋಡಿ ಕೊಡುತ್ತಿದ್ದಳು, ಸುಡಬಾರದು ಎಂದು. ಒಮ್ಮೆ ಮೂತಿಯ ಕಟ್ಟು ಸಡಿಲಿಸಿ ಗಂಜಿನೀರು ಇಟ್ಟಾಗ ಬೂದಿ ನಾಲಗೆ ಚಾಚಿ ನಾಲ್ಕು ಸಲ ನೆಕ್ಕಿತು. ಅಜ್ಜಿ ನನ್ನ ಭುಜವನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಳು. "ಕುಡ್ದತ್! ಹುಚ್ಚಿದ್ದರೆ ಕುಡಿತ್ತಾ?" ಎಂದು ಮಗನ ಕಡೆ ನೋಡಿದಳು.

ಆ ಸಂತೋಷವನ್ನು ಮಧ್ಯಾಹ್ನ ಬಂದ ಡಾಕ್ಟ್ರು ಒಂದೇ ಮಾತಿನಲ್ಲಿ ಆರಿಸಿದರು. ಅವರು ಮಂಗಳೂರಿನ ಕಡೆಯವರು, ಪುಸ್ತಕದಂಥ ಕನ್ನಡ. ಮೊಲೆಯನ್ನು ನೋಡಿ, ಒತ್ತಿ, ಮೂಸಿ, "ಕೆಚ್ಚಲು ಬಾವು. ಹಸುವಿಗೆ ಬರುವುದಿಲ್ಲವೇ, ಅದೇ. ಶಾಖ ಕೊಟ್ಟದ್ದು, ಹಿಂಡಿದ್ದು ಒಳ್ಳೆಯದಾಯಿತು" ಎಂದು ಪೆನಿಸಿಲಿನ್ ಸೂಜಿ ಚುಚ್ಚಿದರು. ಕೆಟ್ಟ ಮೊಲೆಗೆ ಪಟ್ಟಿ ಕಟ್ಟಿ ಮರಿಗಳು ಬಾಯಿ ಹಾಕದ ಹಾಗೆ ಮಾಡಿ, ಮಿಕ್ಕದ್ದನ್ನು ಕುಡಿಯಲು ಬಿಡಬೇಕು. ಮರಿಗಳ ಉಗುರಿನ ತುದಿ ಕತ್ತರಿಸಬೇಕು. ಗೋಣಿ ದಿನವೂ ಬದಲಾಯಿಸಬೇಕು ಎಂದರು. ಬಾವು ಇನ್ನೊಂದು ದಿನ ಹಾಗೇ ಬಿಟ್ಟಿದ್ದರೆ ನಂಜು ಮೈಗೆಲ್ಲ ಏರುತ್ತಿತ್ತಂತೆ. ಆಮೇಲೆ ಅವರ ಕಣ್ಣು ಚಿಕ್ಕಮ್ಮನ ಮಣಿಕಟ್ಟಿನ ಮೇಲೆ ಬಿತ್ತು. ಕೈ ಹಿಡಿದು ಬೆಳಕಿಗೆ ತಿರುಗಿಸಿದರು. ಕೆಂಪು ಗೀರು, ಅದರ ತುದಿಯಲ್ಲಿ ಸಾಸಿವೆಯಷ್ಟು ರಕ್ತ ಒಣಗಿತ್ತು.

"ಇದು ಯಾವಾಗ?"

"ಬೆಳಿಗ್ಗೆ. ನೀರು ಕುಡೀತಲ್ಲ ಸ್ವಾಮಿ, ಏನಿಲ್ಲ ಬಿಡಿ" ಎಂದಳು ಚಿಕ್ಕಮ್ಮ.

"ನೀರು ಕುಡಿದರೆ ಹುಚ್ಚಿಲ್ಲ ಎಂದು ಯಾರು ಹೇಳಿದ್ದು? ಹುಚ್ಚು ನಾಯಿಯೂ ಕೆಲವು ಸಲ ಕುಡಿಯುತ್ತದೆ. ಬಾವು ಇದೆ ಎಂದ ಮಾತ್ರಕ್ಕೆ ಮತ್ತೊಂದು ಇಲ್ಲ ಎಂದು ನಾನು ಹೇಳಲಾರೆ." ಸೋಪು ತರಿಸಿ, ಹರಿಯುವ ನೀರಿನಲ್ಲಿ ಬಹಳ ಹೊತ್ತು ಆ ಗಾಯವನ್ನು ತೊಳೆಸಿದರು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿದರು. "ಈ ನಾಯಿಯನ್ನು ಈಗ ನೀವು ಕೊಂದರೆ ಇವರ ಗತಿ ಏನೆಂದು ಯಾರಿಗೂ ತಿಳಿಯದು. ಹತ್ತು ದಿನ ಕಟ್ಟಿಹಾಕಿ ಕಣ್ಣೆದುರಿಗೆ ಇಟ್ಟುಕೊಳ್ಳಿ. ಹತ್ತು ದಿನ ಕಳೆದು ನಾಯಿ ನೆಟ್ಟಗಿದ್ದರೆ ಇವರಿಗೆ ಭಯವಿಲ್ಲ. ನಡುವೆ ಸತ್ತರೆ, ಓಡಿಹೋದರೆ, ಹೊಟ್ಟೆಗೆ ಸೂಜಿ, ಅದೇ ದಿನ." ಅಂದೇ ಗಾಡಿ ಕಟ್ಟಿ ಚಿಕ್ಕಮ್ಮನನ್ನು ಮಡಿಕೇರಿಯ ಆಸ್ಪತ್ರೆಗೂ ಕರೆದೊಯ್ದರು, ಅಲ್ಲಿನವರೂ ಅದನ್ನೇ ಹೇಳಿದರು. ಈಗಿನವರು ಹಾಗೆ ಕಾಯುವುದಿಲ್ಲ, ಕಾಯಲೂಬಾರದು. ಗೀರು ಬಿದ್ದ ದಿನವೇ ಸೂಜಿ ಚುಚ್ಚಿಸಿಕೊಳ್ಳಬೇಕು. ಆಗಿನ ಕಾಲ ಬೇರೆ.

ಹೀಗೆ ಬೆಳಿಗ್ಗೆ ಯಾವ ನಾಯಿಯನ್ನು ಕೊಲ್ಲಲು ಕೋವಿ ತಂದರೋ, ಸಂಜೆ ಅದೇ ನಾಯಿಯನ್ನು ಕಾಯಲು ದೊಡ್ಡಪ್ಪ ಅದೇ ಕೋವಿ ಹಿಡಿದು ಕೊಟ್ಟಿಗೆಯ ಎದುರು ಕೂತರು. ಬೂದಿ ಒಮ್ಮೆ ಕೆಮ್ಮಿದರೆ ಇಡೀ ಮನೆ ಉಸಿರು ಹಿಡಿಯುತ್ತಿತ್ತು. ಚಿಕ್ಕಮ್ಮ ಮಗುವಿಗೆ ಹಾಲು ಕೊಡಲು ಕೂತು, ತಟಕ್ಕನೆ ತನ್ನ ಮಣಿಕಟ್ಟು ನೋಡಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಬೂದಿ ಮತ್ತೆ ಗಂಜಿ ಮುಟ್ಟಲಿಲ್ಲ. ದೊಡ್ಡಪ್ಪ ಎದ್ದು ನಿಂತರು. ಪಟ್ಟಿ ಬಿಚ್ಚಿ ನೋಡಿದರೆ ಮೊಲೆಯ ಮೇಲೆ ಕಪ್ಪಗಿನ ಮಚ್ಚೆಯೊಂದು ಎದ್ದಿತ್ತು. ಶಾಖ ಕೊಡುತ್ತಿದ್ದ ಹಾಗೇ ಅದು ಒಡೆದು ಕೀವು ಸುರಿಯಿತು. ವಾಸನೆಗೆ ಅವ್ವ ಎದ್ದು ಹೊರಗೆ ಓಡಿದಳು. ಚಿಕ್ಕಮ್ಮ ಮಾತ್ರ ಕೂತು, ಡಾಕ್ಟ್ರು ಕೊಟ್ಟ ನೇರಳೆ ಬಣ್ಣದ ಔಷಧಿಯ ನೀರಿನಲ್ಲಿ ತೊಳೆದಳು. ಮಧ್ಯಾಹ್ನಕ್ಕೆ ಬೂದಿ ಚಟ್ಟಿ ನೆಕ್ಕಿ ಬೋರಲು ಹಾಕಿತ್ತು. ಕುಶಾಲಪ್ಪಣ್ಣ ಮತ್ತಿಬ್ಬರನ್ನು ಕರೆದುಕೊಂಡು ಬಂದು, ಊರಿನ ಮಕ್ಕಳ ಗತಿ ಏನು, ಕಚ್ಚಿದ ನಾಯಿಯನ್ನು ಇಟ್ಟುಕೊಳ್ಳುವುದುಂಟೇ ಎಂದು ಅಂಗಳದಲ್ಲಿ ನಿಂತು ಜೋರು ಮಾಡಿದ. ದೊಡ್ಡಪ್ಪ ಕೂತಲ್ಲಿಂದ ಏಳದೆ, "ಅದರ ಮೈಗೆ ಒಂದ್ ಕಲ್ಲ್ ಬಿದ್ದರೂ ಸುಮ್ಮನೆ ಬಿಡುದಿಲ್ಲೆ, ಕುಶಾಲಪ್ಪ. ಆ ನಾಯಿಲಿ ನನ್ನ ಮನೆ ಗೂಡೆ ಜೀವ ಉಟ್ಟು" ಎಂದರು. ಚಿಕ್ಕಮ್ಮನನ್ನು ಬಯಲಿನ ಗೂಡೆ ಎನ್ನಲಿಲ್ಲ.

ಆ ಜನ ಈಗ ಯಾರೂ ಇಲ್ಲ. ಅಜ್ಜಿ, ದೊಡ್ಡಪ್ಪ, ಅಪ್ಪ, ಅವ್ವ ಒಬ್ಬರ ಹಿಂದೊಬ್ಬರು ಹೋದರು. ಚಿಕ್ಕಮ್ಮ ಚಿಕ್ಕಪ್ಪನ ಜೊತೆ ಊರೂರು ತಿರುಗಿ, ಎಲ್ಲೋ ದೂರದ ಮಿಲಿಟರಿ ಆಸ್ಪತ್ರೆಯಲ್ಲಿ, ನಮಗೆ ಯಾರಿಗೂ ಮುಖ ನೋಡಲು ಸಿಗದೆ ಕಣ್ಣು ಮುಚ್ಚಿದಳು. ಗುಡ್ಡ ಜಾರಿದ ವರ್ಷ ಮನೆಯೂ, ಕಣವೂ, ಆ ಕೊಟ್ಟಿಗೆಯೂ ಕೆಸರಿನೊಳಗೆ ಹೋದವು. ಹೋಗಿ ನಿಂತರೆ ಜಗಲಿ ಎಲ್ಲಿತ್ತೆಂದು ತೋರಿಸಲು ಒಂದು ಕಲ್ಲೂ ಇಲ್ಲ. ನನ್ನ ಪದವಿಯ ಪತ್ರವನ್ನು ನಾನು ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ, ಬಂದವರೆಲ್ಲ ಓದುತ್ತಾರೆ. ಆದರೆ ನಾನು ಜೀವನದಲ್ಲಿ ಮೊದಲು ಓದಿದ ಸರ್ಟಿಫಿಕೇಟು ನನ್ನದಲ್ಲ. ಅದು ಬೂದಿಯದು.

ಹತ್ತು ದಿನ ತುಂಬಿದ ಬೆಳಿಗ್ಗೆ ದೊಡ್ಡಪ್ಪ ಬಿಳಿ ಅಂಗಿ ತೊಟ್ಟು, ಬೂದಿಯ ಕೊರಳಿಗೆ ಸರಪಳಿ ಹಾಕಿ, ಮಡಿಕೇರಿಗೆ ನಡೆಸಿಕೊಂಡು ಹೋದರು. ಊರಿನ ಬಾಯಿ ಮುಚ್ಚಿಸಲು ಡಾಕ್ಟ್ರು ಬರೆದ ಕಾಗದವೇ ಬೇಕು ಎಂದು ಹಟ. ಮರಿಗಳಿಗೆ ನಾನು ಬಟ್ಟೆಯ ಬತ್ತಿಯಲ್ಲಿ ಹಸುವಿನ ಹಾಲು ಚೀಪಿಸುತ್ತಾ ಕೂತಿದ್ದೆ. ಅವರು ತಿರುಗಿ ಬಂದಾಗ ಬಿಸಿಲು ಕಣದ ಆಚೆಗೆ ಸರಿದಿತ್ತು. ಬೂದಿ ಸರಪಳಿ ಎಳೆದುಕೊಂಡೇ ಕೊಟ್ಟಿಗೆಗೆ ಓಡಿ, ಮಲಗಿ, ಮರಿಗಳಿಗೆ ಹೊಟ್ಟೆ ಒಡ್ಡಿತು. ಪುರುಡು ಕಳೆದ ಚಿಕ್ಕಮ್ಮ ಒಂದು ತೋಳಿನಲ್ಲಿ ಮಗುವನ್ನು ಎದೆಗೆ ಆನಿಸಿಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ದೊಡ್ಡಪ್ಪ ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೊದಲು ನನಗೆ ಕೊಟ್ಟರು. ಮೇಲೆ ಕೂರ್ಗ್ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು, ಕೆಳಗೆ ನೀಲಿ ಮುದ್ರೆ. ಶಾಲೆಯಲ್ಲಿ ಆಗ ತಾನೇ ಕಲಿಯತೊಡಗಿದ್ದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ನಾನು 'ಡಾಗ್' ಎಂದೆ, 'ಹೆಲ್ತಿ' ಎಂದೆ, ಮಿಕ್ಕದ್ದು ಬರಲಿಲ್ಲ. "ಸಾಕ್, ಅಷ್ಟೇ ಉಟ್ಟು ಅದರ್ಲಿ" ಎಂದು ದೊಡ್ಡಪ್ಪ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡರು. ಹೊಸ್ತಿಲಿನ ತನಕ ನಡೆದು, ಎರಡೂ ಕೈಯಲ್ಲಿ ಹಿಡಿದು ಅದನ್ನು ಚಿಕ್ಕಮ್ಮನ ಮುಂದೆ ಚಾಚಿದರು. ಅವಳು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು.

"ನಿನ್ನ ಹತ್ರ ಇರ್ಲಿ" ಎಂದರು ದೊಡ್ಡಪ್ಪ. "ನನ್ನ ಮುದ್ದಂಗೆ ಕಚ್ಚಿದಾಗ ಹಿಂಗೆ ಒಂದ್ ಕಾಗದ ಬರ್ದ್ ಕೊಡುವವು ಯಾರೂ ಇತ್ತಿಲ್ಲೆ. ನಾನೂ ಯಾರನ್ನೂ ಕೇಳಿತ್ತಿಲ್ಲೆ."